ಅಪ್ಪನ ಪಿಕಪ್ಪಿನ ಸೀಟ್ ಕವರ್: ಡಿಎಂ ಮಾಡಿದವರಿಗೆಲ್ಲ ಒಂದೇ ಉತ್ತರ

ಭಾಗ 1

ಹೋದ ವಾರ ಹಾಕಿದ ರೀಲಿನಲ್ಲಿ ನೀವು ನೋಡಬೇಕಾಗಿದ್ದು ಕಮಲಾಪುರದ ಕೆಂಪು ಬಾಳೆಹಣ್ಣು. ಜಿಐ ಟ್ಯಾಗ್ ಇರುವ ಹಣ್ಣು, ನಮ್ಮೂರಿನ ಹೆಮ್ಮೆ, ಎಷ್ಟು ಚಂದ ಶೂಟ್ ಮಾಡಿದ್ದೆ. ಆದರೆ ಬಂದ ಡಿಎಂ ಎಲ್ಲ ಹಣ್ಣಿನ ಹಿಂದೆ ಕಾಣಿಸಿದ ಸೀಟಿನ ಬಗ್ಗೆ! "ಅಕ್ಕಾ, ಆ ಖಾಕಿ ಕವರ್ ಎಲ್ಲಿ ಹೊಲಿಸಿದ್ರಿ?" "ಮ್ಯಾಲ ಹಾಕಿದ್ದು ಕೌದಿ ಏನು?" ನಮ್ಮ ಕ್ಲಾಸಿನ ಒಬ್ಬನಂತೂ, ಅವರ ಮಾವನ ಗಾಡಿಗೂ ಹಾಕಿಸಬೇಕು, ಲಿಂಕ್ ಕಳಸು ಅಂದ.

ಲಿಂಕ್ ಇಲ್ಲಪ್ಪ. ಲಿಂಕ್ ಒತ್ತಿ ತರಿಸಿದ ಕವರಿನ ಕಥೆ ಬೇರೆ ಅದ, ಅದನ್ನೇ ಮೊದಲು ಹೇಳಬೇಕು. ಉದ್ದ ಅದ. ಸೇವ್ ಮಾಡಿಟ್ಟು ಬಸ್ಸಿನಾಗ ಕುಂತು ಓದ್ರಿ.

ಹೊಸದಾಗಿ ಫಾಲೋ ಮಾಡಿದವರಿಗೆ: ನಾನು ಕಲಬುರಗಿಯಲ್ಲಿ ಬಿಕಾಂ ಓದ್ತೀನಿ, ಹಾಸ್ಟೆಲ್‌ನಲ್ಲಿರ್ತೀನಿ. ಮನೆ ಕಮಲಾಪುರ, ಹುಮನಾಬಾದ್ ಕಡೆ ಹೋಗುವ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರ್. ಅಪ್ಪನ ಹತ್ತಿರ ಒಂದು ಪಿಕಪ್ ಅದ. ಚಳಿಗಾಲದಲ್ಲಿ ತೊಗರಿ ಚೀಲ ತುಂಬಿಕೊಂಡು ಕಲಬುರಗಿ ಗಂಜಿಗೆ ಬರ್ತಾರ. ತೋಟದವರು ಕರೆದರೆ ಬಾಳೆಗೊನೆ, ಮನೆ ಕಟ್ಟುವವರು ಕರೆದರೆ ಸಿಮೆಂಟು, ಶಹಾಬಾದ್ ಫರ್ಸಿ. ಮದುವೆ ಸೀಸನ್ ಬಂತಂದ್ರ ಪೆಂಡಾಲಿನ ಸಾಮಾನು. ಗಾಡಿಗೆ ಶೆಡ್ ಇಲ್ಲ. ರಾತ್ರಿ ಬೇವಿನ ಗಿಡದ ಕೆಳಗೆ, ಹಗಲು ಯಾರದೋ ಹೊಲದ ಬದುವಿನ ಮೇಲೆ. ಅಂದ್ರ ಆ ಸೀಟು ವರ್ಷದ ಹನ್ನೆರಡು ತಿಂಗಳು ಬಯಲಿನಲ್ಲೇ ಇರ್ತದ.

ಕಲಬುರಗಿ ಬಿಸಿಲು ನಿಮಗೆ ನಾನು ಹೇಳಬೇಕಾ? ಏಪ್ರಿಲ್-ಮೇ ಬಂದ್ರ ನಮ್ಮ ಕಡೆ ಸರ್ಕಾರಿ ಆಫೀಸುಗಳೇ ಬೆಳಿಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕ್ತಾವ. ಪಿಕಪ್ಪಿಗೆ ಅಂಥ ಟೈಮಿಂಗ್ ಇಲ್ಲ. ಲೋಡು ಕರೆದಾಗ ಹೋಗಬೇಕು.

ಭಾಗ 2

ನಾನು ಫಸ್ಟ್ ಇಯರ್ ಇದ್ದಾಗಿನ ಮಾತು. ಎಂಟನೇ ಕ್ಲಾಸಿನ ಇಬ್ಬರು ಮಕ್ಕಳಿಗೆ ಟ್ಯೂಷನ್ ಹೇಳಿ ನಾಲ್ಕು ರೊಕ್ಕ ಕೂಡಿಸಿದ್ದೆ. ದೀಪಾವಳಿಗೆ ಅಪ್ಪನಿಗೆ ಏನಾದ್ರೂ ಕೊಡಬೇಕು ಅಂತ. ಅಂಗಿ ಕೊಟ್ಟರೆ ಟ್ರಂಕಿನಲ್ಲಿ ಇಟ್ಟುಬಿಡ್ತಾರ. ಅವರು ದಿನದಲ್ಲಿ ಹತ್ತು ಹನ್ನೆರಡು ತಾಸು ಕೂಡುವುದು ಆ ಸೀಟಿನ ಮೇಲೆ. ಅದರ ಹಳೆಯ ರೆಕ್ಸಿನ್ ಹರಿದು ಒಳಗಿನ ಫೋಮ್ ಹೊರಗೆ ಇಣುಕುತ್ತಿತ್ತು. ಸರಿ, ಸೀಟ್ ಕವರೇ ಕೊಡೋಣ ಅಂತ ಫೋನಿನಲ್ಲಿ ಹುಡುಕಿದೆ.

ನಾನು ಹೆಂಗ ಆರಿಸಿದೆ ಗೊತ್ತಾ? ಫೋಟೋ ನೋಡಿ. ಕರಿ ಬಣ್ಣ, ಚೌಕ ಚೌಕ ಹೊಲಿಗೆ, ಕೆಂಪು ದಾರ, ದೊಡ್ಡ ಕಾರಿನೊಳಗಿದ್ದಂಗ ಕಾಣ್ತಿತ್ತು. 'ಪ್ರೀಮಿಯಂ ಲೆದರ್ ಫಿನಿಶ್' ಅಂತ ಬರೆದಿದ್ದರು. ಫಿನಿಶ್ ಅನ್ನೋ ಪದ ನಾನು ಓದಲೇ ಇಲ್ಲ, ಲೆದರ್ ಅಷ್ಟೇ ಓದಿದೆ. ₹2,199. ಹಬ್ಬದ ದಿನ ಹಾಕಿಸಿ, ಅಪ್ಪನ ಕೈಯಲ್ಲಿ ಸ್ಟೇರಿಂಗ್ ಕೊಟ್ಟು ಒಂದು ರೀಲ್ ಮಾಡಿದೆ. ನಿಮ್ಮಲ್ಲಿ ಬಹಳ ಮಂದಿ ಅದಕ್ಕೆ ಹಾರ್ಟ್ ಒತ್ತಿದ್ರಿ. ಆ ರೀಲ್ ಈಗ ಆರ್ಕೈವ್ ಮಾಡೀನಿ.

ಅಪ್ಪ ಅವತ್ತು ಸೀಟಿನ ಮೇಲೆ ಕೈಯಾಡಿಸಿ, "ಭಾಳ ಚಂದ ಅದ ತಂಗಿ, ನನ್ನ ಧೋತರಕ್ಕ ಒಪ್ಪಲ್ಲ ನೋಡು" ಅಂತ ನಕ್ಕರು. ಆಮೇಲೆ ಯಾವಾಗ ನನ್ನನ್ನು ಹಾಸ್ಟೆಲಿನಿಂದ ಕರಕೊಂಡು ಹೋಗಲಿಕ್ಕೆ ಬಂದರೂ ಕವರ್ ಫಳಫಳ. ಫೆಬ್ರುವರಿಯಲ್ಲೂ ಹೊಸದರ ಹಂಗ. ನನಗೆ ಒಳಗೊಳಗೇ ಹೆಮ್ಮೆ.

ಏಪ್ರಿಲ್ ಕೊನೆಯಲ್ಲಿ ಇಂಟರ್ನಲ್ ಮುಗಿದ ದಿನ, ಫೋನ್ ಮಾಡದೆ ಬಸ್ ಹತ್ತಿಬಿಟ್ಟೆ. ನಮಗೆ ಹೆಂಗೂ ಶಕ್ತಿ ಯೋಜನೆ ಅದ, ಟಿಕೆಟ್ಟಿನ ಚಿಂತಿ ಇಲ್ಲ. ಮಧ್ಯಾಹ್ನ ಎರಡೂವರೆಗೆ ಕಮಲಾಪುರದಲ್ಲಿ ಇಳಿದೆ. ಓಣಿ ತಿರುವಿನಲ್ಲೇ ನಮ್ಮ ಪಿಕಪ್ ನಿಂತಿತ್ತು, ಬಾಗಿಲು ಎರಡೂ ತೆರೆದಿದ್ದವು. ಅಪ್ಪ ಕೆಳಗೆ ಇಳಿದು ತಂಬಿಗೆಯಿಂದ ಮುಖಕ್ಕೆ ನೀರು ಹಾಕಿಕೊಳ್ತಿದ್ದರು. ಬೆನ್ನು ನನ್ನ ಕಡೆ. ಅಂಗಿ ಬೆನ್ನಿಗೆ ಅಂಟಿ, ಉಪ್ಪಿನ ಬಿಳಿ ಗೆರೆ ಮೂಡಿತ್ತು. ಸೀಟಿನ ಮೇಲೆ ನನ್ನ ಲೆದರ್ ಫಿನಿಶ್ ಕಾಣಲೇ ಇಲ್ಲ. ಅದರ ಮೇಲೆ ಎರಡು ಗೋಣಿಚೀಲ ಬಿಚ್ಚಿ ಹಾಸಿ, ನಾಲ್ಕೂ ಕಡೆ ಸುತಳಿಯಿಂದ ಬಿಗಿದಿದ್ದರು.

ನನ್ನನ್ನು ನೋಡಿದ ಕೂಡಲೇ ಅಪ್ಪ ಮಾಡಿದ ಮೊದಲ ಕೆಲಸ ಏನು ಹೇಳ್ರಿ? "ಯಾವಾಗ ಬಂದಿ?" ಅಂತ ಕೇಳಲಿಲ್ಲ. ಓಡಿ ಹೋಗಿ ಗೋಣಿಚೀಲ ಎಳೆಯಲಿಕ್ಕೆ ಶುರು ಮಾಡಿದರು.

ಸುತಳಿ ಗಂಟು ಬಿಚ್ಚಲಿಲ್ಲ. ನಾನು ಹತ್ತಿರ ಹೋಗಿ ನೋಡಿದೆ. ಕೆಳಗಿನ ಕವರು ಕುಂಡೆ ಇಡುವ ಜಾಗದಲ್ಲಿ ಎರಿ ಹೊಲದಂಗ ಬಿರುಕು ಬಿಟ್ಟಿತ್ತು. ಮೇಲಿನ ಪದರ ಹಪ್ಪಳದ ಹಂಗ ಎದ್ದು ಬರ್ತಿತ್ತು. ಅಂದ್ರ ನನ್ನನ್ನು ಕರಕೊಂಡು ಹೋಗಲಿಕ್ಕೆ ಬರುವಾಗೆಲ್ಲ, ಕಲಬುರಗಿ ಹತ್ತಿರ ಎಲ್ಲೋ ಗಾಡಿ ನಿಲ್ಲಿಸಿ, ಗೋಣಿಚೀಲ ತೆಗೆದು ಸೀಟಿನ ಹಿಂದೆ ತುರುಕಿ, ಕವರಿಗೆ ಒದ್ದೆ ಬಟ್ಟೆ ಆಡಿಸಿ ಬರ್ತಿದ್ದರು.

"ಬ್ಯಾಸಗಿಗೆ ಸ್ವಲ್ಪ ಸುಡ್ತದ ಅಷ್ಟೇ, ನೀ ಕೊಡಸೀದಿ, ಹೊಲಸು ಆಗಬಾರದು ಅಂತ ಗೋಣಿ ಹಾಕೀನಿ" ಅಂದರು. ಅವ್ವ ಒಳಗಿನಿಂದಲೇ ಕೂಗಿದಳು: "ಸುಳ್ಳ ಹೇಳಬ್ಯಾಡ್ರಿ. ಬೆನ್ನ ತುಂಬ ಬೆವರಸಾಲಿ ಎದ್ದು ರಾತ್ರಿ ನಿದ್ದಿ ಇಲ್ಲ, ಅದನ್ನೂ ಹೇಳ್ರಿ."

ಅವತ್ತು ಊಟ ಮಾಡುವಾಗ ಯಾರ ಮುಖಾನೂ ನೋಡಲಿಲ್ಲ ನಾನು.

ಭಾಗ 3 (ಕವರ್ ಕೊಳ್ಳುವವರು ಇದನ್ನು ಬಿಡಬ್ಯಾಡ್ರಿ)

ನಾಚಿಕೆ ಆದರೂ ಕಲಿಯಲೇಬೇಕಾಗಿತ್ತು. ಮೇ ತಿಂಗಳೆಲ್ಲ ಇದನ್ನೇ ಮಾಡಿದೆ. ಯಾವ ಟ್ರಕ್ ನಿಂತಿದ್ದರೂ ಒಳಗೆ ಇಣುಕಿ ಸೀಟು ನೋಡುವುದು. ಹಾಸ್ಟೆಲ್ ಗೆಳತಿಯರು ನನಗೆ ಹುಚ್ಚು ಹಿಡಿದದ ಅಂದುಕೊಂಡಿದ್ದರು.

ನಾನು ತರಿಸಿದ್ದು ಪಿಯು. ಬಟ್ಟೆಯ ಮೇಲೆ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನ ತೆಳು ಪದರ. ಮುಟ್ಟಲಿಕ್ಕೆ ಮೆತ್ತಗೆ, ನೋಡಲಿಕ್ಕೆ ಚರ್ಮ. ಆದರೆ ಅಗ್ಗದ ಪಿಯುಗೆ ಬೆವರು, ತೇವ, ಬಿಸಿ ಮೂರೂ ಆಗಲ್ಲ. ಪದರ ಬಟ್ಟೆಯನ್ನು ಬಿಟ್ಟು ಸಿಪ್ಪೆ ಏಳ್ತದ. ಎಸಿ ರೂಮಿನ ಸೋಫಾದಲ್ಲೇ ಮೂರ್ನಾಲ್ಕು ವರ್ಷಕ್ಕೆ ಸಿಪ್ಪೆ ಎದ್ದದ್ದು ನೀವೂ ನೋಡಿರಬೇಕು. ಬೇವಿನ ಗಿಡದ ಕೆಳಗಿನ ಪಿಕಪ್ಪಿನ ಪಾಡೇನು?

ರೆಕ್ಸಿನ್ ಅಂದ್ರ ಈಗ ಪಿವಿಸಿ ಲೇಪ ಕೊಟ್ಟ ಬಟ್ಟೆ. (ಸಣ್ಣ ವಿಷಯ: ರೆಕ್ಸಿನ್ ಅನ್ನೋದು ಮೊದಲು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ನಾವು ಎಲ್ಲಾ ಫೋಟೋಕಾಪಿಗೂ ಜೆರಾಕ್ಸ್ ಅಂತೀವಲ್ಲ, ಹಂಗ.) ರೆಕ್ಸಿನ್ ಪಿಯುಗಿಂತ ಗಟ್ಟಿ, ನೀರು ಒಳಗೆ ಬಿಡಲ್ಲ, ಮಣ್ಣು ಮೆತ್ತಿದರೆ ಒರೆಸಿದರೆ ಹೋಯ್ತು. ನಮ್ಮ ಎರಿ ಮಣ್ಣು ಮಳೆಗಾಲದಲ್ಲಿ ಹೆಂಗ ಅಂಟ್ತದ ಅಂತ ಚಪ್ಪಲಿ ಕಳಕೊಂಡವರಿಗೆ ಗೊತ್ತು. ಆದ್ರ ಪಿವಿಸಿ ಮೆತ್ತಗಿರಲಿ ಅಂತ ಅದರೊಳಗೆ ಎಣ್ಣೆಯಂಥ ಒಂದು ಪದಾರ್ಥ ಬೆರೆಸಿರ್ತಾರ. ವರ್ಷಾನುಗಟ್ಟಲೆ ಬಿಸಿಲಿಗೆ ಬಿದ್ದರೆ ಅದು ಆರಿ ಹೋಗ್ತದ, ರೆಕ್ಸಿನ್ ಒಣಗಿ ಗಡಸಾಗಿ ಮಡಿಕೆಯಲ್ಲಿ ಸೀಳ್ತದ. ಮತ್ತ ಗಾಳಿ ಆಡಲ್ಲ. ಬೆವರು ಎಲ್ಲಿ ಹೋಗಬೇಕು? ಬೆನ್ನಿನ ಮೇಲೇ ಉಳಿತದ. ಬೆವರಸಾಲಿ ಅಲ್ಲಿಂದಲೇ ಬರೋದು.

ಕ್ಯಾನ್ವಾಸ್, ಅಂದ್ರ ದಪ್ಪ ಹತ್ತಿ ಬಟ್ಟೆ, ಗಾಳಿ ಆಡ್ತದ, ಬೆವರು ಹೀರ್ತದ, ಬಿಸಿಲಿಗೆ ಚುರುಕ್ ಅನ್ನಲ್ಲ. ಆದ್ರ ಒದ್ದೆ ಮಾಡಿ ಒಣಗಿಸದೇ ಬಿಟ್ಟರೆ ಬೂಸಲು ಹಿಡಿದು ಕೊಳಿತದ. ಎಣ್ಣೆ, ಗ್ರೀಸ್ ಕಲೆ ಬಿದ್ದರೆ ಹೋಗಲ್ಲ. ಜಾಳಿಗಿ ಜಾಳಿಗಿ ಇರುವ ಮೆಶ್ ಬಟ್ಟೆ ತಂಪು, ಆದರೆ ತೊಗರಿ ಹೊಟ್ಟಿನ ಧೂಳು ತೂತಿನಿಂದ ಒಳಗೆ ಇಳಿದು ಫೋಮಿನಲ್ಲಿ ಮನೆ ಮಾಡ್ತದ. ಕಾರಿಗೆ ಸರಿ, ನಮ್ಮಂಥ ಗಾಡಿಗಲ್ಲ. ಮಖಮಲ್ ಬಗ್ಗೆ ಕೇಳಬ್ಯಾಡ್ರಿ. ಮದುವೆ ಗಾಡಿಗೆ ಇರಲಿ ಅದು.

ಬಣ್ಣ! ಕರಿ ಬಣ್ಣ ಬಿಸಿಲನ್ನು ನುಂಗ್ತದ ಅಂತ ಹೈಸ್ಕೂಲಿನಲ್ಲೇ ಓದಿ ಮಾರ್ಕ್ಸ್ ತಗೊಂಡಿದ್ದೆ. ಕೊಳ್ಳುವಾಗ ನೆನಪಾಗಲಿಲ್ಲ. ಬಿಳಿ ಹಾಕಿದರೆ ಎರಡೇ ದಿನಕ್ಕೆ ಹೊಲಸು. ಖಾಕಿ, ಬೂದಿ, ತಿಳಿ ಕಂದು ಇಂಥ ಧೂಳಿನ ಬಣ್ಣವೇ ಧೂಳಿನ ಕೆಲಸಕ್ಕೆ ಸರಿ. ಪೊಲೀಸರ ಅಂಗಿ ಸುಮ್ಮನೆ ಖಾಕಿ ಆಗಿಲ್ಲ.

ಭಾಗ 4

ಇಷ್ಟೆಲ್ಲ ಓದಿ, ನಾನೇ ದೊಡ್ಡ ಪಂಡಿತೆ ಅಂತ ಜೂನ್ ಮೊದಲ ವಾರ ಅಪ್ಪನನ್ನು ಎಳಕೊಂಡು ಹುಮನಾಬಾದ್ ರಿಂಗ್ ರೋಡಿನ ಬಾಜು ಒಂದು ಕುಷನ್ ಅಂಗಡಿಗೆ ಹೋದೆ. ತಗಡಿನ ಶೆಡ್ಡು, ಒಂದು ಹೊಲಿಗೆ ಮಷೀನು, ಸುತ್ತಲೂ ರೆಕ್ಸಿನ್ ಸುರುಳಿ. ಹೊಲಿಯುವವರು ಅರವತ್ತು ದಾಟಿದ ಚಾಚಾ. ಹೆಸರು ಹಾಕಬ್ಯಾಡ ಅಂದಾರ, ಹಾಕಲ್ಲ.

"ಚಾಚಾ, ಹೆವಿ ರೆಕ್ಸಿನ್ ತೋರಸ್ರಿ, ಖಾಕಿ ಬಣ್ಣ" ಅಂದೆ.

ಅವರು ಸುರುಳಿ ಕಡೆ ನೋಡಲೇ ಇಲ್ಲ. "ಬೇಟಿ, ಹಳೇದು ಎಲ್ಲಿ ಅದ? ಮೊದಲ ಅದನ್ನ ತೋರಸು. ಎಲ್ಲಿ ಹರದದ ಅಂತ ನೋಡ್ದ ಮ್ಯಾಲ ಯಾವ ಮಾಲು ಅಂತ ಹೇಳ್ತೀನಿ."

ನಾನು ಅಂದುಕೊಂಡಿದ್ದು, ಹಳೆಯದನ್ನು ಕಿತ್ತು ಬಿಸಾಡುವುದಷ್ಟೇ ಅಂತ. ಚಾಚಾ ಗಾಡಿ ಹತ್ತಿ, ಕನ್ನಡಕ ಏರಿಸಿ, ಪರೀಕ್ಷೆ ಪೇಪರ್ ತಿದ್ದುವವರ ಹಂಗ ಒಂದೊಂದೇ ಜಾಗ ಮುಟ್ಟಿ ನೋಡಿದರು. ಬಾಗಿಲಿನ ಕಡೆಯ ಅಂಚು ಸವೆದು ನೂಲು ಕಾಣ್ತಿತ್ತು. "ಇದು ಇಳಿಯೋ ಹತ್ತೋ ಜಾಗ. ದಿನಾ ಎಷ್ಟು ಸರತಿ ಇಳೀತೀರಿ ಸಾಹುಕಾರ್ರ?" ಅಪ್ಪ ಲೆಕ್ಕ ಹಾಕಿ "ನಲವತ್ತ ಸರತಿ ಇದ್ದೀತು" ಅಂದರು. "ಹಂಗಾದ್ರ ಇಲ್ಲಿ ಎರಡು ಪದರ ಬೇಕು." ಬೆನ್ನಿನ ಹೊಲಿಗೆ ಬಿಚ್ಚಿಕೊಂಡಿತ್ತು, ಬಟ್ಟೆ ಗಟ್ಟಿ ಇತ್ತು. "ಇಲ್ಲಿ ಬಟ್ಟಿ ತಪ್ಪಿಲ್ಲ, ದಾರದ ತಪ್ಪದ." ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದರು. ಕಾಗದ ಸುಟ್ಟ ವಾಸನೆ ಬಂತು, ಬೂದಿ ಆಯ್ತು. "ಹತ್ತಿ ದಾರ. ಬೆವರಿಗೆ ಕೊಳಿತದ. ಪಾಲಿಯೆಸ್ಟರ್ ಇದ್ರ ಕರಗಿ ಗುಂಡಗ ಮಣಿ ಆಗ್ತಿತ್ತು." ಈ ಟ್ರಿಕ್ ನೆನಪಿಡ್ರಿ, ಬಟ್ಟೆ ಕೊಳ್ಳುವಾಗಲೂ ಬರ್ತದ.

ಮತ್ತೊಂದು ಹೇಳಿದರು. ಹೊಲಿಗೆ ತೀರ ಒತ್ತೊತ್ತಾಗಿ ಇದ್ದರೆ ಗಟ್ಟಿ ಅಂತ ನಾವು ಅಂದುಕೊಳ್ತೀವಿ. ರೆಕ್ಸಿನ್ನಿಗೆ ಅದು ಉಲ್ಟಾ. ಸೂಜಿ ಚುಚ್ಚಿದ್ದೆಲ್ಲ ತೂತು. ತೂತಿನ ಪಕ್ಕ ತೂತು ಬಿದ್ದರೆ, ರಸೀದಿ ಪುಸ್ತಕದ ಹಾಳೆ ಹರಿದಂಗ ನೆಟ್ಟಗೆ ಹರಿತದ. ನನ್ನ ಚೌಕ ಚೌಕ ಕೆಂಪು ಹೊಲಿಗೆ ನೆನಪಾಗಿ ಸುಮ್ಮನಾದೆ.

ಆಮೇಲೆ ಕವರ್ ಪೂರ್ತಿ ಬಿಚ್ಚಿ, ಫೋಮಿನ ಮೇಲೆ ಅಂಗೈ ಇಟ್ಟು ಒತ್ತಿದರು. ಬಲಗಡೆ ಒತ್ತಿದರೆ ಕೆಳಗಿನ ತಗಡು ಕೈಗೆ ತಗುಲ್ತಿತ್ತು. ಎಡಗಡೆ ಫೋಮು ಹೊಸದರಂಗ, ಒತ್ತಿದರೆ ಪುಟಕ್ಕಂತ ಎದ್ದು ಬರ್ತಿತ್ತು. ಚಾಚಾ ಎರಡು ಸಲ ಒತ್ತಿ ನೋಡಿದರು. ನಂತರ ನನ್ನನ್ನಲ್ಲ, ಅಪ್ಪನನ್ನು ನೋಡಿದರು.

"ಎಡಗಡಿ ಭಾರಾನೇ ಹಾಕಲ್ಲ ನೀವು. ಟೊಂಕ ಬ್ಯಾನಿ ಎಷ್ಟ ದಿನದಿಂದ ಅದ?"

ಅಪ್ಪ ರಸ್ತೆ ಕಡೆ ನೋಡಿದರು. ನಾನು "ಅಪ್ಪಗ ಟೊಂಕ ಬ್ಯಾನಿ ಇಲ್ಲ ಚಾಚಾ" ಅಂದೆ. ಅಂದದ್ದು ನಾನೇ. ಆ ಮಾತು ನೆನೆಸಿಕೊಂಡರೆ ಈಗಲೂ ಮೈ ಬಿಸಿ ಆಗ್ತದ.

"ಎರಡು ವರ್ಷ ಆಗಿರಬೇಕು" ಅಂದರು ಅಪ್ಪ.

ಭಾಗ 5

ಈ ಭಾಗ ಹಾಕಬೇಕೋ ಬ್ಯಾಡೋ ಅಂತ ನಾಲ್ಕು ದಿನ ಡ್ರಾಫ್ಟಿನಲ್ಲಿ ಇಟ್ಟಿದ್ದೆ. ಅಪ್ಪನಿಗೆ ಓದಿ ತೋರಿಸಿ ಕೇಳಿದೆ, "ಹಾಕು, ಇನ್ನೊಬ್ಬ ಡ್ರೈವರ್ ಮಗ ಓದಲಿ" ಅಂದರು.

ಎರಡು ವರ್ಷದ ಹಿಂದೆ ಅಂದ್ರ ನನ್ನ ಪಿಯುಸಿ, ಆಮೇಲೆ ಕಾಲೇಜ್ ಅಡ್ಮಿಷನ್, ಹಾಸ್ಟೆಲ್ ಫೀಸು. ಆಗಿನಿಂದ ಅಪ್ಪ ಹಮಾಲರನ್ನು ಕಡಿಮೆ ಕರೀತಿದ್ದರು. ಸಣ್ಣ ಲೋಡಿದ್ದರೆ ಚೀಲ ತಾವೇ ಎತ್ತಿ ಹಾಕ್ತಿದ್ದರು. ಹಮಾಲಿ ಉಳಿತದಲ್ಲ. ಟೊಂಕದಿಂದ ಎಡಗಾಲಿಗೆ ನೋವು ಇಳಿಯುತ್ತಿತ್ತು. ಕ್ಲಚ್ ಒತ್ತುವ ಕಾಲು ಅದು. ಊರೊಳಗೆ, ಸಂತೆಯಲ್ಲಿ ಎಷ್ಟು ಸಲ ಒತ್ತಬೇಕು ಎಣಿಸ್ರಿ. ಅದಕ್ಕೇ ಬಲಕ್ಕೆ ವಾಲಿ ಕೂಡುವುದು ರೂಢಿ ಆಗಿ, ಫೋಮು ಒಂದೇ ಕಡೆ ಕುಸಿದು, ಕುಸಿದದ್ದಕ್ಕೆ ಇನ್ನೂ ವಾಲಿ ಕೂತು... ಯಾವುದು ಮೊದಲು ಯಾವುದು ಆಮೇಲೆ ಅಂತ ಹೇಳಲಿಕ್ಕೆ ಬರಲ್ಲ.

ಆ ಸೀಟಿನ ಬಾಜುವಿನಲ್ಲಿ ನಾನು ಎಷ್ಟು ಸಲ ಕೂತೀನಿ. ಇಯರ್‌ಫೋನ್ ಹಾಕಿಕೊಂಡು.

ಅದೇ ವಾರ ಕಲಬುರಗಿಯಲ್ಲೇ ಡಾಕ್ಟರಿಗೆ ತೋರಿಸಿದೆವು. ಬೆನ್ನಿನ ಹತ್ತಿರ ನರ ಒತ್ತಿದೆ ಅಂದರು. ಚೀಲ ಎತ್ತುವುದು ಪೂರ್ತಿ ಬಂದ್, ದಿನಾ ಮಾಡುವ ಮೂರು ವ್ಯಾಯಾಮ, ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯುವುದು. ಗುಳಿಗೆ ಹತ್ತೇ ದಿನ. ಹಮಾಲಿ ಉಳಿಸಿದ ರೊಕ್ಕ ಎಷ್ಟು, ಡಾಕ್ಟರಿಗೆ ಕೊಟ್ಟದ್ದೆಷ್ಟು ಅಂತ ನಾನು ಲೆಕ್ಕ ಹಾಕಲಿಕ್ಕೆ ಹೋದೆ. ಅಪ್ಪ ಕೈ ಹಿಡಿದು ಪೆನ್ನು ಕಸಿದುಕೊಂಡರು.

ಭಾಗ 6

ಕೊನೆಗೆ ಮಾಡಿಸಿದ್ದು ಏನು ಅಂತ ಕೇಳಿದವರಿಗೆ. ಸ್ವೈಪ್ ಮಾಡಿದರೆ ಮೂರನೇ ಫೋಟೋ.

ಮೊದಲು ಫೋಮು. ಕವರಿಗಿಂತ ಮೊದಲು ಫೋಮು, ಇದನ್ನು ಯಾರೂ ಹೇಳಲ್ಲ. ಕುಸಿದದ್ದನ್ನು ಕತ್ತರಿಸಿ ತೆಗೆದು, ಕೆಳಗೆ ಗಟ್ಟಿ ಫೋಮು, ಮೇಲೆ ಸ್ವಲ್ಪ ಮೆತ್ತನೆಯದು. ಕುಸಿದ ಫೋಮಿನ ಮೇಲೆ ಎಂಥ ಕವರ್ ಹಾಕಿದರೂ ಸಡಿಲಾಗಿ ಮಡಿಕೆ ಬೀಳ್ತದ. ಮಡಿಕೆ ಬಿದ್ದಲ್ಲಿ ಸೀಳ್ತದ. ಮತ್ತ ಸಡಿಲ ಕವರು ಬ್ರೇಕ್ ಹಾಕಿದಾಗ ಜಾರ್ತದ, ಅದು ಅಪಾಯ.

ಸುತ್ತಲಿನ ಅಂಚು, ಬಾಗಿಲು ಕಡೆ, ಹಿಂಬದಿ ಎಲ್ಲ ದಪ್ಪ ರೆಕ್ಸಿನ್. ಆರಿಸುವಾಗ ಚಾಚಾ ಕಲಿಸಿದಂಗ ಉಲ್ಟಾ ಮಾಡಿ ನೋಡಿದೆ. ಹಿಂಬದಿಯ ಬಟ್ಟೆ ಒತ್ತಾಗಿ ನೇಯ್ದಿರಬೇಕು, ಗಟ್ಟಿತನವೆಲ್ಲ ಅಲ್ಲೇ ಇರೋದು. ಮಡಚಿ ಉಗುರಿನಿಂದ ಒತ್ತಿದಾಗ ಬಿಳಿ ಗೆರೆ ಉಳಿಯಬಾರದು. ಮೂಗಿಗೆ ಹಿಡಿದರೆ ಘಾಟು ಪ್ಲಾಸ್ಟಿಕ್ ವಾಸನೆ ಬಡಿದರೆ ಅಂಥದ್ದು ಅಲ್ಲೇ ಇಡ್ರಿ. ಕೂಡುವ ಜಾಗ ಮತ್ತ ಬೆನ್ನು ಒರಗುವ ಜಾಗಕ್ಕೆ ಖಾಕಿ ಕ್ಯಾನ್ವಾಸು. ದಾರ ಪಾಲಿಯೆಸ್ಟರ್, ಬಣ್ಣ ಖಾಕಿ. ಕೆಂಪು ಬೇಕೇನು ಅಂತ ಚಾಚಾ ನನ್ನ ಕಡೆ ನೋಡಿ ನಕ್ಕರು.

ಬೆಲ್ಟಿನ ಜಾಗ ಬಿಟ್ಟು ಕತ್ತರಿಸಿದಾರ, ಸೀಟ್ ಸರಿಸುವ ಹಿಡಿಕೆ ಮುಚ್ಚಿಲ್ಲ. ನಮ್ಮ ಜಾಕು, ಪಾನಾ ಸೀಟಿನ ಹಿಂದೆ ಇರ್ತಾವ, ಹಾಗಾಗಿ ಹಿಂಬದಿಗೆ ಲಾಡಿ ಇಟ್ಟು ಬಿಚ್ಚುವಂಗ ಮಾಡಿದಾರ. ರೆಡಿಮೇಡ್ ಕವರಿನಲ್ಲಿ ಇವೆಲ್ಲ ನಿಮ್ಮ ಗಾಡಿಗೆ ಸರಿ ಬಂದರೆ ನಿಮ್ಮ ಅದೃಷ್ಟ.

ಫೋಮು, ಮಾಲು, ಮಜೂರಿ ಎಲ್ಲ ಸೇರಿ ₹4,600. ಅರ್ಧ ನನ್ನದು, ಅರ್ಧ ಅಪ್ಪಂದು.

ಈಗ ಬಿಕಾಂ ಮಂದಿ ಕೈ ಎತ್ರಿ. ಮೊದಲನೇ ಕವರು ₹2,199, ಬಾಳಿದ್ದು ಹೆಚ್ಚಂದ್ರ 6 ತಿಂಗಳು. ತಿಂಗಳಿಗೆ ₹366. ಇದು ನಾಲ್ಕು ವರ್ಷಕ್ಕೆ ಮೋಸ ಇಲ್ಲ ಅಂತ ಚಾಚಾ ಹೇಳ್ಯಾರ. 48 ತಿಂಗಳಿಗೆ ಹಂಚಿದರೆ ತಿಂಗಳಿಗೆ ₹96. ಸ್ಟ್ರೇಟ್ ಲೈನ್ ಮೆಥಡ್, ಸ್ಕ್ರ್ಯಾಪ್ ವ್ಯಾಲ್ಯೂ ಸೊನ್ನೆ. ಎರಡು ವರ್ಷಕ್ಕೇ ಹರಿದರೂ ₹192, ಆಗಲೂ ಅಗ್ಗ. ಕ್ಲಾಸಿನಲ್ಲಿ ಸರ್ ಡಿಪ್ರಿಸಿಯೇಷನ್ ಹೇಳುವಾಗ ಮಷೀನರಿ ಉದಾಹರಣೆ ಕೊಟ್ಟು ಕೊಟ್ಟು ನಿದ್ದಿ ಬರಿಸ್ತಾರ. ಸೀಟ್ ಕವರ್ ಉದಾಹರಣೆ ಕೊಟ್ಟಿದ್ದರೆ ನನಗೆ ₹2,199 ಉಳೀತಿತ್ತು.

ಇನ್ನೊಂದು. ಖರ್ಚು ಟ್ಯಾಕ್ಸಿನಲ್ಲಿ ತೋರಿಸಬಹುದಾ ಅಂತ ಯಾರೋ ಕೇಳಿದ್ದಿರಿ. ನಾವು ಓದಿದ 1961ರ ಕಾಯ್ದೆಯ 44ಎಇ ನೆನಪು ಮಾಡಿಕೊಳ್ರಿ: ಹತ್ತು ಗಾಡಿ ಮೀರದವರಿಗೆ, ನಮ್ಮಂಥ ಸಣ್ಣ ಗಾಡಿಯೊಂದಕ್ಕೆ ತಿಂಗಳಿಗೆ ₹7,500 ಆದಾಯ ಅಂತ ಹಿಡಿದು ಲೆಕ್ಕ ಕಟ್ಟುವ ಪದ್ಧತಿ. ಆ ದಾರಿ ಹಿಡಿದವರಿಗೆ ಸೀಟ್ ಕವರಿನ ಖರ್ಚು ಬೇರೆ ತೋರಿಸಲಿಕ್ಕೆ ಬರಲ್ಲ. ಅದೂ ಆ ಅಂದಾಜಿನ ಒಳಗೇ ಬಂತು.

"ಎಸಿ ಹಾಕಿಸಿದ್ರ ಈ ತಾಪತ್ರಯನೇ ಇಲ್ಲಲ್ಲ" ಅಂದವರಿಗೂ ಉತ್ತರ ಅದ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಟ್ರಕ್ಕುಗಳ ಡ್ರೈವರ್ ಕ್ಯಾಬಿನ್ನಿಗೆ ಎಸಿ ಇರಲೇಬೇಕು ಅಂತ ಕೇಂದ್ರ ಸರ್ಕಾರದ ನಿಯಮ ಬಂದದ. ಓದಿ ನಾನೂ ಖುಷಿಪಟ್ಟಿದ್ದೆ. ಆದ್ರ ಅದು ಒಟ್ಟು ತೂಕ 3.5 ಟನ್ ಮೀರಿದ ಎನ್2, ಎನ್3 ಗಾಡಿಗಳಿಗೆ. ಅಪ್ಪನ ಪಿಕಪ್ಪು ಅದಕ್ಕಿಂತ ಸಣ್ಣದು, ಹಳೆಯದು. ಸಣ್ಣ ಗಾಡಿ ಡ್ರೈವರಿಗೆ ಬಿಸಿಲು ಸಣ್ಣದಿರ್ತದ ಅಂತ ತಿಳಕೊಂಡಿರಬೇಕು.

ಭಾಗ 7

ಕೌದಿಯ ಕಥೆ ಉಳೀತು.

ಕ್ಯಾನ್ವಾಸಿಗೆ ಬೆವರು ಇಳಿದರೆ ದಿನಾ ತೊಳೆಯಲಿಕ್ಕೆ ಬರಲ್ಲ, ಸೀಟಿಗೆ ಬಿಗಿದು ಹೊಲಿದದ್ದು ಅದು. ಮೇಲೊಂದು ಬೇರೆ ಹಾಸು ಬೇಕು, ತೆಗೆದು ತೊಳೆಯುವಂಥದ್ದು. ಟವೆಲ್ ಹಾಕಿದರೆ ಮುದುಡಿ ಕೆಳಗೆ ಹೋಗ್ತದ. ಅವ್ವ ಒಂದು ಮಾತೂ ಆಡದೆ ಟ್ರಂಕಿನಿಂದ ಹಳೇ ಬಟ್ಟೆ ಗಂಟು ತೆಗೆದಳು. ಅಜ್ಜಿಯ ಎರಡು ನೂಲಿನ ಸೀರೆ, ಅಪ್ಪನ ಹರಿದ ಧೋತರ, ನನ್ನ ಹೈಸ್ಕೂಲ್ ಯೂನಿಫಾರ್ಮಿನ ನೀಲಿ ಲಂಗ. ಅಜ್ಜಿ ಕಣ್ಣು ಕಾಣಲ್ಲ ಅಂತಿರ್ತಾಳ, ಕೌದಿ ಹೊಲಿಯಲಿಕ್ಕೆ ಕೂತರೆ ಕಾಣ್ತದ. ಎಂಟು ದಿನದಲ್ಲಿ ಸೀಟಿನ ಅಳತೆಗೆ ಎರಡು ಕೌದಿ ಆದವು. ನಾಲ್ಕು ಮೂಲೆಗೆ ಲಾಡಿ. ಒಂದು ಗಾಡಿಯಲ್ಲಿ, ಒಂದು ಒಗೆದು ಒಣಹಾಕಿದ್ದು.

ಪದರ ಪದರ ಹಳೇ ನೂಲು ಬಟ್ಟೆ ಬೆವರು ಹೀರಿದಂಗ ಬೇರೆ ಯಾವುದೂ ಹೀರಲ್ಲ. ಅಂಗಡಿಯಲ್ಲಿ ರೊಕ್ಕ ಕೊಟ್ಟರೆ ಸಿಗುವ ಮಾಲಲ್ಲ ಇದು. ನಮ್ಮ ಕಡೆ ಯಾರ ಮನೆಯಲ್ಲಿ ಹಳೇ ಕೌದಿ ಇಲ್ಲ ಹೇಳ್ರಿ. ನೀವು ಹೊಲಿಸುವುದಾದರೆ ಸಿಲ್ಕು, ಪಾಲಿಯೆಸ್ಟರ್ ಸೀರೆ ಹಾಕಬ್ಯಾಡ್ರಿ, ಜಾರ್ತಾವ. ಬರೀ ನೂಲಿನವು.

ಒಂದು ಮಳೆಗಾಲ, ಒಂದು ತೊಗರಿ ಸೀಸನ್, ಒಂದು ಪೂರ್ತಿ ಬ್ಯಾಸಗಿ ಮುಗಿದದ. ಕವರಿನ ಸ್ಥಿತಿ ಹೇಳಬೇಕಂದ್ರ: ಬಾಗಿಲು ಕಡೆಯ ಎರಡು ಪದರದ ಅಂಚು ಸ್ವಲ್ಪ ಹೊಳಪು ಕಳಕೊಂಡದ, ಹರಿದಿಲ್ಲ. ಕ್ಯಾನ್ವಾಸಿನ ಮೇಲೆ ಗ್ರೀಸಿನ ಒಂದು ಕಲೆ ಅದ, ನಮ್ಮ ತಮ್ಮನ ಕೈಕೆಲಸ. ಹೋದ ಮಳೆಗಾಲ ಒಂದು ರಾತ್ರಿ ಕಿಟಕಿ ಗಾಜು ಏರಿಸದೇ ಬಿಟ್ಟು ಪೂರ್ತಿ ನೆನೆದು, ಮೂರು ದಿನ ಬಾಗಿಲು ತೆರೆದಿಟ್ಟು ಒಣಗಿಸಿದ್ದೆವು. ಬೂಸಲು ಬಂದಿಲ್ಲ. ಅಪ್ಪನ ಬೆನ್ನಿಗೆ ಈ ಬ್ಯಾಸಗಿ ಬೆವರಸಾಲಿ ಏಳಲಿಲ್ಲ. ಟೊಂಕದ ನೋವು ಪೂರ್ತಿ ಹೋಗಿಲ್ಲ, ಕಡಿಮೆ ಆಗ್ಯದ. ವ್ಯಾಯಾಮ ದಿನಾ ಮಾಡ್ತೀನಿ ಅಂತಾರ. ಮಾಡಲ್ಲ ಅಂತ ಅವ್ವ ಅಂತಾಳ. ಚೀಲ ಮಾತ್ರ ಎತ್ತಲ್ಲ. ನಾನು ಪ್ರತಿ ಸಲ ಮನೆಗೆ ಹೋದಾಗ ಎರಡೂ ಕಡೆ ಅಂಗೈ ಇಟ್ಟು ಫೋಮು ಒತ್ತಿ ನೋಡ್ತೀನಿ. ಬಲಗಡೆ ಇನ್ನೂ ತುಸು ಹೆಚ್ಚು ತಗ್ಗದ.

ಮೊನ್ನೆ ಶನಿವಾರ ಅಪ್ಪ ಹಾಸ್ಟೆಲಿಗೆ ಬಂದಿದ್ದರು. ನಾನು ಹತ್ತಿದ ಕೂಡಲೇ, ರೂಢಿ ಆಗಿಬಿಟ್ಟದ, ಸೀಟಿನ ಹಿಂದೆ ಕೈ ಹಾಕಿ ನೋಡಿದೆ. ಗೋಣಿಚೀಲ ಕೈಗೆ ಸಿಕ್ಕಿತು. ಎದೆ ಧಸಕ್ ಅಂತು.

"ಹಗೂರ ಹಿಡಿ, ಹಣ್ಣ ಅವ. ನಿನ್ನ ಗೆಳತ್ಯಾರಿಗೆ ತಂದೀನಿ" ಅಂದರು ಅಪ್ಪ.

ಕೆಂಪು ಬಾಳೆ, ಎರಡು ಚಿಪ್ಪು. ಒಂದು ಚಿಪ್ಪು ಹಾಸ್ಟೆಲಿನಲ್ಲಿ ಅವತ್ತೇ ಖಾಲಿ. ಇನ್ನೊಂದು ನಾಳೆ ಕ್ಲಾಸಿಗೆ ತರ್ತೀನಿ, ಮೊದಲು ಬಂದವರಿಗೆ. ಲಿಂಕ್ ಕೇಳಿದವನಿಗೆ ಕೊನೆಗೆ.